ಮಾವನವರ ಝೂಮಿಲ್ಲದ ಕ್ಯಾಮೆರಾ

ನಮ್ಮ ಮಾವ ತಮ್ಮ ಒಬ್ಬಳೇ ಮಗಳನ್ನು ನನಗೆ ಕೊಡುವಾಗ ಅಷ್ಟೇನೂ ಯೋಚನೆ ಮಾಡಲಿಲ್ಲ. ತಮ್ಮ ಮೊಳದುದ್ದದ ಪೈಪ್ ರೆಂಚನ್ನು ನನ್ನ ಕೈಗೆ ಕೊಡಲು ಮಾತ್ರ ನಾಲ್ಕು ವರ್ಷ ಸತಾಯಿಸಿದರು. "ಮಗಳು ಬುದ್ಧಿವಂತೆ, ತನ್ನನ್ನ ತಾನೇ ನೋಡ್ಕೋತಾಳೆ. ರೆಂಚಿಗೆ ಆ ಬುದ್ಧಿ ಇಲ್ಲ, ಹಿಡಿದೋನನ್ನೇ ನಂಬ್ಕೊಂಡಿರುತ್ತೆ" ಎಂದು ಬಂದುಹೋದವರ ಎದುರಿಗೆಲ್ಲ ಹೇಳುತ್ತಿದ್ದರು. ನಾನು ಹಲ್ಲುಕಚ್ಚಿಕೊಂಡು ನಗುತ್ತಿದ್ದೆ. ಹದಿನಾರು ವರ್ಷದಿಂದ ನಾವಿಬ್ಬರೂ ಒಟ್ಟಿಗೇ ನೀರಿನ ಪೈಪಿನ ಕೆಲಸ ಮಾಡುತ್ತಿದ್ದೇವೆ. ಒಂದು ದಿನವೂ ಜಗಳವಾಡದೆ ಮನೆಗೆ ಬಂದಿಲ್ಲ, ಮರುದಿನ ಬೆಳಗ್ಗೆ ಒಬ್ಬರನ್ನು ಬಿಟ್ಟು ಒಬ್ಬರು ಹೊರಟಿದ್ದೂ ಇಲ್ಲ.

ಗೋಡೆಯೊಳಗೆ ಪೈಪು ಕೂರಿಸುವವರಿಗೆ ಊರಲ್ಲಿ ಬರವಿಲ್ಲ. ಗೋಡೆ ಕೆತ್ತುತ್ತಾರೆ, ಪೈಪು ಇಡುತ್ತಾರೆ, ಮೇಲೆ ಸಿಮೆಂಟು ಬಳಿದು ಟೈಲ್ಸ್ ಅಂಟಿಸಿ ಹೋಗುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಆ ಮನೆಯವರಿಗೆ ಅಲ್ಲೊಂದು ಕನ್ನಡಿ ತೂಗುಹಾಕುವ ಆಸೆಯಾಗುತ್ತದೆ. ಮೊಳೆ ಎಲ್ಲಿ ಹೊಡೆಯುವುದು? ಪೈಪು ಎಲ್ಲಿ ಓಡಿದೆ ಎಂದು ಯಾರಿಗೆ ನೆನಪಿರುತ್ತದೆ? ಬೇರೆಯವರು ಕೈಚೆಲ್ಲಿಬಿಡುತ್ತಾರೆ. ನಮ್ಮ ಮಾವ ಮಾತ್ರ ಬಾಗಿಲಲ್ಲೇ ನಿಂತು, ಕಣ್ಣು ಕಿರಿದು ಮಾಡಿ, "ಚೌಕಟ್ಟಿನಿಂದ ಮೂರು ಗೇಣು ಒಳಗೆ ಬರುತ್ತೆ, ಮೊಣಕೈ ಎತ್ತರಕ್ಕೆ ಎದ್ದು ಎಡಕ್ಕೆ ತಿರುಗುತ್ತೆ. ಅದರ ಬಲಕ್ಕೆ ಎಲ್ಲಿ ಬೇಕಾದ್ರೂ ಕೊರೀರಿ" ಎನ್ನುತ್ತಿದ್ದರು. ಅಲ್ಲಿ ಕೊರೆದರೆ ಇಟ್ಟಿಗೆಯ ಪುಡಿಯೇ ಬರುತ್ತಿತ್ತು, ಹನಿ ನೀರು ಬರುತ್ತಿರಲಿಲ್ಲ. ನನ್ನ ಹೆಂಡತಿ ಹುಟ್ಟಿದ ತಾರೀಖು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಆ ವಾರ ಯಾರ ಮನೆಯ ಬಚ್ಚಲಿಗೆ ಎಷ್ಟು ತಿರುವು ಹಾಕಿದ್ದರು ಎಂಬುದು ಗೊತ್ತಿದೆ. ಜನ ಅವರಿಗೆ ‘ಗೋಡೆಗಣ್ಣು’ ಎಂದು ಅಡ್ಡಹೆಸರಿಟ್ಟಿದ್ದರು. ಹಾಗೆ ಕರೆದಾಗ ಮಾವ ಕೇಳಿಸದವರಂತೆ ನಡೆಯುತ್ತಿದ್ದರು. ಆದರೆ ನಡಿಗೆ ಸ್ವಲ್ಪ ನಿಧಾನವಾಗುತ್ತಿತ್ತು, ಇನ್ನೊಮ್ಮೆ ಕರೆಯಲಿ ಎಂದು.

ಈ ವರ್ಷದ ಆರಂಭದಲ್ಲಿ, ಗಣಿತದ ಟೀಚರ ಮನೆಯಲ್ಲಿ, ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅವರು ತಪ್ಪಿದರು.

ಟೀಚರು ಶಾಲೆಯಿಂದ ನಿವೃತ್ತರಾದವರು, ನಾಲಿಗೆಯಿಂದ ಅಲ್ಲ. ಅಡುಗೆಮನೆಯ ಸಿಂಕಿನ ಮೇಲೆ ತಟ್ಟೆಗಳನ್ನಿಡಲು ಗಾಜಿನ ಬಾಗಿಲಿನ ಒಂದು ಗೋಡೆ ಬೀರು ಮಾಡಿಸಿದ್ದರು. ಹನ್ನೊಂದು ವರ್ಷದ ಹಿಂದೆ ಆ ಗೋಡೆಯಲ್ಲಿ ಪೈಪು ಹಾಕಿದ್ದು ನಾವೇ. ಮಾವ ಬಂದು ಗೋಡೆ ನೋಡಿದರು, ಪೆನ್ಸಿಲಿನಲ್ಲಿ ಗುರುತು ಹಾಕಿದರು, ಡ್ರಿಲ್ಲು ಹಿಡಿದರು. ಅರೆ ಬೆರಳಿನಷ್ಟು ಒಳಗೆ ಹೋಗಿರಬೇಕು, ಗೋಡೆಯಿಂದ ನೀರು ಚಿಮ್ಮಿ ಎದುರಿಗೆ ನಿಂತಿದ್ದ ಟೀಚರ ಎದೆಗೇ ಬಡಿಯಿತು. ಕನ್ನಡಕ ಹಾರಿಹೋಯಿತು. ನಾನು ಓಡಿಹೋಗಿ ಹೊರಗಿನ ವಾಲ್ವು ಮುಚ್ಚಿ ಬರುವಷ್ಟರಲ್ಲಿ ಅವರು ತಲೆಯಿಂದ ಕಾಲವರೆಗೆ ತೊಯ್ದು ತೊಪ್ಪೆಯಾಗಿದ್ದರು.

"ಇರ್ಲಿ ಬಿಡಿ, ಇವತ್ತಿನ್ನೂ ಸ್ನಾನ ಆಗಿರ್ಲಿಲ್ಲ" ಎಂದರು ಟೀಚರು, ಮುಖ ಒರೆಸಿಕೊಳ್ಳುತ್ತ.

ನಾನು ನಕ್ಕೆ. ಮಾವ ನಗಲಿಲ್ಲ. ಆ ತೂತನ್ನೇ ನೋಡುತ್ತ ನಿಂತರು. ಪೈಪು ಅವರ ಗುರುತಿನ ಅಡಿಯಲ್ಲೇ ಇತ್ತು, ಅವರ ನೆನಪಿನಲ್ಲಿ ಅದು ಒಂದು ಗೇಣು ಆಚೆಗಿತ್ತು. ನಾನು ಗೋಡೆ ಕೆತ್ತಿ ಪೈಪು ಸರಿಮಾಡಿದೆ. ಮೇಲೆ ಸಿಮೆಂಟು ಹಾಕಲು ಹೋದರೆ ಮಾವ, "ಮುಚ್ಚಬೇಡ, ತೆರೆದೇ ಇರ್ಲಿ" ಎಂದಷ್ಟೇ ಹೇಳಿ ಚೀಲ ಎತ್ತಿಕೊಂಡರು. ಮರುದಿನ ಬೆಳಗ್ಗೆ ನಾನು ಬಾಗಿಲಲ್ಲಿ ಕಾದರೆ ಹೊರಗೇ ಬರಲಿಲ್ಲ.

"ನಾನು ಬಿಟ್ಟೆ ಕಣಪ್ಪ" ಎಂದರು ಒಳಗಿನಿಂದ. "ಎಲ್ಲಿದೆ ಅಂತ ಗೊತ್ತಿಲ್ಲದೋನು ಗೋಡೆ ಮುಟ್ಟಬಾರದು."

ಆಮೇಲೆ ಮನೆಯಲ್ಲಿ ಕೂತರು. ಕೂತವರು ಸುಮ್ಮನೆ ಕೂತರೇ? ಮನೆಯ ನಲ್ಲಿಗಳನ್ನೆಲ್ಲ ಒಂದೊಂದಾಗಿ ಎಂಥ ಬಿಗಿ ಮಾಡಿದರೆಂದರೆ ನನ್ನ ಹೆಂಡತಿ ಪಾತ್ರೆ ತೊಳೆಯಲು ನನ್ನನ್ನು ಕೂಗಬೇಕಾಯಿತು. ಯಾರಾದರೂ ಫೋನು ಮಾಡಿ ಪೈಪು ಎಲ್ಲಿದೆ ಎಂದು ಕೇಳಿದರೆ, "ನನಗೇನು ಗೊತ್ತು" ಎನ್ನುತ್ತಿದ್ದರು. ಆ ಮಾತು ಅವರ ಬಾಯಿಂದ ಕೇಳಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ನಾನು ಎಷ್ಟೇ ಜಗಳವಾಡಲಿ, ಈ ಮನುಷ್ಯನ ಪಕ್ಕದಲ್ಲಿ ನಡೆಯುವುದೇ ನನಗೊಂದು ಹೆಮ್ಮೆಯಾಗಿತ್ತು.

ಟೀಚರ ಬೀರು ನೆಲದ ಮೇಲೇ ಉಳಿಯಿತು. ನಾನೇ ಹೋಗಿ, "ನಾನು ಹಾಕಿಕೊಡ್ತೀನಿ ಟೀಚರ್" ಎಂದೆ.

"ಬೇಡ. ಅವರೇ ಬರ್ಲಿ" ಎಂದರು. "ಲೆಕ್ಕ ತಪ್ಪು ಮಾಡಿದೋರ ಕೈಲೇ ನಾನು ತಿದ್ದಿಸ್ತಿದ್ದಿದ್ದು. ಪಕ್ಕದೋರ ಕೈಲಿ ತಿದ್ದಿಸಿದ್ರೆ ತಪ್ಪಿದೋರು ಈ ಜನ್ಮದಲ್ಲಿ ಲೆಕ್ಕದ ಹತ್ತಿರ ಬರಲ್ಲ."

ನಾನು ಮನೆಗೆ ಬಂದು ಅದನ್ನು ಅಕ್ಷರ ಬಿಡದೆ ಹೇಳಿದೆ. ಮಾವ ನಲ್ಲಿಯೊಂದನ್ನು ಬಿಚ್ಚಿ ಮತ್ತೆ ಹಾಕಿದರು. ನನಗೂ ಹೆಂಡತಿಗೂ ಚೆನ್ನಾಗಿ ಗೊತ್ತಿತ್ತು, ಆ ಗೋಡೆಗೆ ಅವರು ವಾಪಸು ಹೋಗದಿದ್ದರೆ ಇನ್ಯಾವ ಗೋಡೆಗೂ ಹೋಗುವುದಿಲ್ಲ.

ಆಗ ನನಗೆ ಹೊಳೆದದ್ದು, ಗೋಡೆ ಮುಚ್ಚುವ ಮೊದಲೇ ಪೈಪಿನ ಫೋಟೋ ತೆಗೆದಿಟ್ಟರೆ ನೆನಪಿನ ರಗಳೆಯೇ ಇಲ್ಲವಲ್ಲ ಎಂದು. ಮೊದಲು ಫೋನಿನಲ್ಲಿ ತೆಗೆದೆ. ಒದ್ದೆ ಕೈಯ ಮಾತನ್ನು ಆ ಫೋನು ಕೇಳುವುದಿಲ್ಲ. ಸರಿಯಾಗಿ ಒತ್ತುವ ಹೊತ್ತಿಗೇ ಯಾರೋ ಕರೆ ಮಾಡುತ್ತಾರೆ. ವಾರ ಬಿಟ್ಟು ಹುಡುಕಿದರೆ ಯಾರದೋ ಬಚ್ಚಲ ಗೋಡೆ ನನ್ನ ತಂಗಿಯ ಮದುವೆಯ ಫೋಟೋಗಳ ನಡುವೆ ಸಿಕ್ಕಿತು. ಇವೆಲ್ಲದರ ಜೊತೆಗೆ ಮಾವ ಒಂದು ಮಾತು ಹೇಳಿದರು: "ಗೋಡೆ ಅವರದು, ಫೋಟೋ ನಿನ್ನ ಜೇಬಲ್ಲಿ ಯಾಕಿರ್ಬೇಕು? ಅದು ಆ ಮನೇಲೇ ಇರ್ಬೇಕು." ಅದಕ್ಕೇ ಜೇಬಿನಲ್ಲಿ ಹಿಡಿಸುವ ಒಂದು ಡಿಜಿಟಲ್ ಕ್ಯಾಮೆರಾ ಕೊಳ್ಳುವುದು, ಮನೆಗೊಂದು ಮೆಮೊರಿ ಕಾರ್ಡು, ಕೆಲಸ ಮುಗಿದ ಮೇಲೆ ಕಾರ್ಡನ್ನು ಲಕೋಟೆಯಲ್ಲಿ ಹಾಕಿ ನೀರಿನ ಮೀಟರಿನ ಪೆಟ್ಟಿಗೆಯೊಳಗೆ ಅಂಟಿಸುವುದು ಎಂದು ತೀರ್ಮಾನಿಸಿದೆ. ಯಾರನ್ನೂ ಕೇಳದೆ, ಡಬ್ಬಿಯ ಮೇಲಿನ ದೊಡ್ಡ ದೊಡ್ಡ ಅಂಕಿಗಳನ್ನು ನೋಡಿ, ಎಲ್ಲಕ್ಕಿಂತ ಅಗಲಕ್ಕೆ ನೋಡುವ ಕ್ಯಾಮೆರಾ ತಂದೆ. ಇಕ್ಕಟ್ಟಿನ ಬಚ್ಚಲಲ್ಲಿ ಬೆನ್ನು ಗೋಡೆಗೆ ಆನಿಸಿ ನಿಂತರೆ ಎದುರಿನ ಗೋಡೆ ಪೂರ್ತಿ ಒಂದೇ ಫೋಟೋದಲ್ಲಿ ಬಂತು. ನಾನು ಉಬ್ಬಿಹೋದೆ.

ಅದೇನು ಮಾಡುತ್ತದೋ ನೋಡೋಣ ಎಂದೋ ಏನೋ, ಮಾವ ಮತ್ತೆ ಕೆಲಸಕ್ಕೆ ಬಂದರು. ಬಂದರು ಎಂದರೆ ಏಣಿ ಹಿಡಿಯಲು ಬಂದರು. ಪೈಪು ಎಲ್ಲಿ ಹಾಯಿಸಲಿ, ಎಲ್ಲಿ ಕೊರೆಯಲಿ ಎಂದು ಕೇಳಿದರೆ, "ನನ್ನನ್ನೇನು ಕೇಳ್ತೀಯ, ನಿನ್ನ ಕ್ಯಾಮೆರಾ ಡಬ್ಬೀನೇ ಕೇಳು" ಎನ್ನುತ್ತಿದ್ದರು.

ಹೀಗೆ ಕೆಲವು ವಾರ ಕಳೆದ ಮೇಲೆ ಬ್ರೆಡ್ಡಿನ ಬೇಕರಿಯ ಯಜಮಾನಿ ಕರೆಸಿದಳು. ಅವಳ ಹೊಸ ಹಿಟ್ಟಿನ ಕೋಣೆಗೆ ಹಿಂದಿನ ತಿಂಗಳಷ್ಟೇ ಪೈಪು ಹಾಕಿ ಗೋಡೆ ಮುಚ್ಚಿದ್ದೆವು, ಈಗ ಅಲ್ಲೊಂದು ಭಾರದ ಶೆಲ್ಫು ಬೇಕಂತೆ. ನಾನು ಕಾರ್ಡಿನಿಂದ ಫೋಟೋ ಪ್ರಿಂಟು ಹಾಕಿಸಿ ತಂದಿದ್ದೆ. ಫೋಟೋ ತೆಗೆಯುವಾಗ ಗೋಡೆಯ ನಟ್ಟನಡುವೆ ಟೇಪು ಹಿಡಿದಿದ್ದೆ, ಅದರ ಅಳತೆಯಿಂದ ಎಡ ಮೂಲೆಯ ಪೈಪಿನ ಜಾಗ ಲೆಕ್ಕ ಹಾಕಿದೆ, ಅದರಿಂದ ನಾಲ್ಕು ಬೆರಳು ಎಡಕ್ಕೆ ಗುರುತು ಹಾಕಿ ಡ್ರಿಲ್ಲು ಎತ್ತಿದೆ. ಏಣಿ ಹಿಡಿದಿದ್ದ ಮಾವ ಅಂಗೈಯನ್ನು ಗೋಡೆಗೆ ಒತ್ತಿದರು.

"ತಡಿ" ಎಂದರು.

"ಏನು?"

"ಏನಿಲ್ಲ. ನನಗೆ ಇಲ್ಲೇ ಇದೆ ಅನ್ಸುತ್ತೆ. ನಿನ್ನ ಗುರುತಿನ ಕೆಳಗೇ." ಆಮೇಲೆ ತಾವೇ ಕೈ ತೆಗೆದುಬಿಟ್ಟರು. "ಇರ್ಲಿ, ನಾನು ಹೇಳೋದು ಬಿಡು. ಕೊರಿ."

ನನಗೆ ಕೊರೆಯುವ ಧೈರ್ಯ ಬರಲಿಲ್ಲ. ಫೋಟೋ ಕಣ್ಣೆದುರಿಗಿದೆ, ಅದರಲ್ಲಿ ಪೈಪು ಬೇರೆ ಕಡೆಯಿದೆ. ಮಾವ ಒಮ್ಮೆ ತಪ್ಪಿದ್ದನ್ನೂ ಕಣ್ಣಾರೆ ನೋಡಿದ್ದೇನೆ. ಆದರೂ ಇಷ್ಟು ವರ್ಷ ಆ ಕೈಯನ್ನೇ ನೋಡಿಕೊಂಡು ಬಂದವನು ನಾನು. ಡ್ರಿಲ್ಲು ಕೆಳಗಿಟ್ಟು ಸಣ್ಣ ಉಳಿ ತೆಗೆದುಕೊಂಡು, ನನ್ನ ಗುರುತಿನ ಮೇಲೇ ಮೆಲ್ಲಗೆ ಕೆತ್ತಿದೆ. ಹಿಟ್ಟಿನ ಕೋಣೆಯಲ್ಲಿ ಆಗಲೇ ಇದ್ದ ಹಿಟ್ಟಿನ ಬಿಳಿಗೆ ನಾವು ಕೆತ್ತಿದ ಗಾರೆಯ ಪುಡಿಯೂ ಸೇರಿತು. ಸಿಮೆಂಟು ಉದುರಿದ ಕಡೆ, ನೇರ ಗುರುತಿನ ಕೆಳಗೆ, ಪೈಪಿನ ಬೆನ್ನು ಕಂಡಿತು.

ಬೇಕರಿಯ ಯಜಮಾನಿ ಚಪ್ಪಾಳೆ ತಟ್ಟಿದಳು. ಮಾವ ನನ್ನ ಜೇಬಿನಿಂದ ಕ್ಯಾಮೆರಾ ಕಿತ್ತುಕೊಂಡು, ನನ್ನನ್ನು ಇಳಿಸಿ ತಾವೇ ಏಣಿ ಹತ್ತಿ, ಮೇಲಿನಿಂದ ಕೋಣೆಯ ನೆಲದ ಟೈಲ್ಸಿನ ಫೋಟೋ ತೆಗೆದರು. ಪರದೆಯ ಮೇಲೆ ಅದನ್ನು ದೊಡ್ಡದು ಮಾಡಿ ನನ್ನ ಮೂಗಿನ ಕೆಳಗೆ ಹಿಡಿದರು. ನಡುವೆ ಸಾಲುಗಳು ನೆಟ್ಟಗಿದ್ದವು. ಅಂಚಿಗೆ ಹೋಗುತ್ತ ಹೋಗುತ್ತ ಊಟ ಜಾಸ್ತಿಯಾದವನ ಹೊಟ್ಟೆಯ ಹಾಗೆ ಹೊರಕ್ಕೆ ಬಾಗಿದ್ದವು.

"ನೆಲ ಹೀಗಿದೆಯೇನೋ?" ಎಂದರು. "ಅಗಲ ಅಗಲ ಅಂತ ತಂದ್ಯಲ್ಲ, ಅಗಲಕ್ಕೆ ಹಿಡಿಸೋಕೆ ಅಂಚಲ್ಲಿರೋದನ್ನ ಬಗ್ಗಿಸಿ ಒಳಗೆ ತುರುಕಿದೆ. ಮೂಲೇಲಿರೋ ಪೈಪು ಫೋಟೋದಲ್ಲಿ ಮಧ್ಯದ ಕಡೆಗೆ ಬಂದುಬಿಟ್ಟಿದೆ."

ಬೈಸಿಕೊಂಡೆ. ಆದರೆ ಹಾಗೆ ಬಾಯ್ತುಂಬ ಬೈದು ಎರಡು ತಿಂಗಳಾಗಿತ್ತು. ಇನ್ನಷ್ಟು ಬೈಯಲಿ ಎಂದುಕೊಂಡು ನಿಂತೆ.

ಆ ಸಂಜೆ ಊಟಕ್ಕೆ ಕೂತಾಗ ನನ್ನ ಹೆಂಡತಿ ಗೆದ್ದವಳಂತೆ, "ಹಾಗಾದ್ರೆ ಆ ಕ್ಯಾಮೆರಾ ಎಸೀರಿ. ಅಪ್ಪನ ನೆನಪೇ ಸರಿ ಅಂತ ಆಯ್ತಲ್ಲ" ಎಂದಳು.

ಮಾವ ತಲೆಯಾಡಿಸಿದರು. "ಇವತ್ತು ಸರಿ. ಟೀಚರ ಮನೇಲಿ ತಪ್ಪು, ಅದೂ ನಂದೇ. ನನ್ನ ನೆನಪು ಆಗಾಗ ಕೈಕೊಡುತ್ತೆ, ಅದು ನನಗೆ ಗೊತ್ತು. ಈ ಡಬ್ಬೀನೂ ಕೈಕೊಡುತ್ತೆ, ಅದು ಡಬ್ಬಿಗೆ ಗೊತ್ತಿಲ್ಲ." ಒಂದು ತುತ್ತು ತಿಂದು ಮತ್ತೆ ಹೇಳಿದರು: "ಕ್ಯಾಮೆರಾ ಬೇಕು. ನೆಟ್ಟಗೆ ನೋಡೋದು ಬೇಕು. ನಾನೇ ಆರಿಸ್ತೀನಿ."

ತನಗೆ ವಯಸ್ಸಾಯಿತು ಎಂಬುದನ್ನು ಇಷ್ಟು ತಲೆಯೆತ್ತಿ ಹೇಳಿದ ಗಂಡಸನ್ನು ನಾನು ನೋಡಿರಲಿಲ್ಲ.

ಮರುದಿನ ಕ್ಯಾಮೆರಾ ಅಂಗಡಿಗೆ ಹೋದೆವು. ಮಾವ ಗಾರೆಯ ಕಲೆಗಳಿದ್ದ ಕೆಲಸದ ಷರ್ಟನ್ನೇ ಹಾಕಿಕೊಂಡು ಬಂದಿದ್ದರು. ಗಾಜಿನ ಕೌಂಟರಿನ ಹಿಂದಿದ್ದ ಹುಡುಗಿ ಒಂದೊಂದೇ ಕ್ಯಾಮೆರಾ ತೆಗೆದಿಟ್ಟಳು. ಒಂದು ಮೂವತ್ತು ಪಟ್ಟು ದೂರ ನೋಡುತ್ತದಂತೆ. ಇನ್ನೊಂದು ಎದುರಿನವರು ನಕ್ಕ ಕೂಡಲೇ ತಾನೇ ಫೋಟೋ ತೆಗೆಯುತ್ತದಂತೆ.

"ಪೈಪು ನಗಲ್ಲಮ್ಮ" ಎಂದರು ಮಾವ. ಆಮೇಲೆ ಅಂಗಡಿಯ ಉದ್ದಗಲ ಕಣ್ಣಾಡಿಸಿ, "ನಿಮ್ಮ ಟಾಯ್ಲೆಟ್ ಎಲ್ಲಿದೆ?" ಎಂದು ಕೇಳಿದರು.

ಹುಡುಗಿ ಹಿಂದಿನ ಓಣಿ ತೋರಿಸಿದಳು. ಮಾವ ಹೊರಡದೆ, ಕೌಂಟರಿನ ಮೇಲಿದ್ದ ಆರೂ ಕ್ಯಾಮೆರಾಗಳನ್ನು ಒಂದು ತಟ್ಟೆಗೆ ಜೋಡಿಸಿ, "ಇವನ್ನೂ ತಗೊಂಡು ಬಾ" ಎಂದರು. ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟು ನನ್ನನ್ನು ನೋಡಿದಳು. ನನಗೆ ನೆಲ ಬಿರಿದು ಒಳಗಿಳಿದರೆ ಸಾಕು ಎನಿಸಿತು. ಟಾಯ್ಲೆಟ್ಟಿನ ಗೋಡೆಯ ತುಂಬ ಚೌಕ ಚೌಕದ ಬಿಳಿ ಟೈಲ್ಸ್ ಇರುತ್ತವೆ, ಅಂಗಡಿಯಲ್ಲಿ ಅಷ್ಟು ನೆಟ್ಟಗಿನ ಗೆರೆಗಳು ಬೇರೆಲ್ಲೂ ಸಿಗುವುದಿಲ್ಲ ಎಂದು ನಾನು ಅವಳಿಗೆ ವಿವರಿಸಿ ಮುಗಿಸುವ ಹೊತ್ತಿಗೆ ಮಾವ ಒಳಗೆ ಹೋಗಿ ತೋಳು ಮಡಚಿ ನಿಂತಾಗಿತ್ತು.

ಅಲ್ಲಿ ಅರ್ಧ ಗಂಟೆ ಪರೀಕ್ಷೆ ನಡೆಯಿತು. ಬಾಗಿಲಿಗೆ ಬೆನ್ನು ಕೊಟ್ಟು, ಒಂದೊಂದೇ ಕ್ಯಾಮೆರಾ ಎತ್ತಿ, ನಲ್ಲಿಯ ಕೆಳಗೆ ಕೈ ಒದ್ದೆ ಮಾಡಿಕೊಂಡೇ ಗೋಡೆಯ ಫೋಟೋ ತೆಗೆಯುತ್ತಿದ್ದರು. ಹುಡುಗಿ "ಅಯ್ಯೋ ಅಂಕಲ್, ನೀರು" ಎಂದಾಗಲೆಲ್ಲ ನಾನು ಟವೆಲು ಹಿಡಿದು ಓಡುತ್ತಿದ್ದೆ. ಫೋಟೋವನ್ನು ಪರದೆಯ ಮೇಲೆ ಹಿಗ್ಗಿಸಿ, ಅಂಚಿನ ಟೈಲ್ಸಿನ ಸಾಲಿಗೆ ಒಂದು ವಿಸಿಟಿಂಗ್ ಕಾರ್ಡಿನ ಅಂಚು ಹಿಡಿದು ನೋಡುತ್ತಿದ್ದರು. ಕಾರ್ಡಿಗೂ ಸಾಲಿಗೂ ನಡುವೆ ಕೂದಲಷ್ಟು ಸಂದು ಕಂಡರೂ ಆ ಕ್ಯಾಮೆರಾ ತಟ್ಟೆಗೆ ವಾಪಸು. ನಡುವೆ ಒಬ್ಬ ಗಿರಾಕಿ ಅವಸರದಲ್ಲಿ ಬಂದವನು ನಾವು ಮೂವರು ತಟ್ಟೆ ಹಿಡಿದು ಟಾಯ್ಲೆಟ್ಟಿನಲ್ಲಿ ನಿಂತಿರುವುದನ್ನು ನೋಡಿ ಹಾಗೇ ಹಿಂದಿರುಗಿದ.

"ಇದನ್ನ ಸ್ವಲ್ಪ ಝೂಮ್ ಮಾಡಿ ತೆಗೆದ್ರೆ ಗೆರೆ ನೆಟ್ಟಗೆ ಬರುತ್ತೆ ಅಂಕಲ್" ಎಂದಳು ಹುಡುಗಿ. ಅವಳಿಗೂ ಈಗ ಹುಮ್ಮಸ್ಸು ಬಂದಿತ್ತು. ತೋರಿಸಿದಳು. ನಿಜವಾಗಿಯೂ ಬಂತು.

ಮಾವ ಆ ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿದರು. ಅದು ಗುರ್ ಎಂದು ಮತ್ತೆ ಅಗಲಕ್ಕೇ ತೆರೆದುಕೊಂಡಿತು. "ನೋಡಿದ್ಯಾ? ಪ್ರತಿ ಸಲ ನಾನು ನೆನಪಿಟ್ಕೊಂಡು ಝೂಮ್ ಮಾಡ್ಬೇಕು. ನೆನಪಿಟ್ಕೊಳ್ಳೋ ಹಾಗಿದ್ರೆ ಕ್ಯಾಮೆರಾ ಯಾಕಮ್ಮ ನನಗೆ? ಮರೆಯೋನಿಗೆ ಆಗೋ ಕ್ಯಾಮೆರಾ ಕೊಡು."

ಹುಡುಗಿ ತಟ್ಟೆಯನ್ನು ಬದಿಗಿಟ್ಟಳು. ಆಮೇಲೆ ಒಳಗೆ ಹೋಗಿ, ಬೀಗ ಹಾಕಿದ್ದ ಕಪಾಟಿನಿಂದ ಧೂಳು ಹಿಡಿದ ಒಂದು ಡಬ್ಬಿ ತಂದಳು. ಕಪ್ಪಗಿನ, ಮೊಂಡಗಿನ, ಸೋಪಿನಷ್ಟು ದೊಡ್ಡ ಕ್ಯಾಮೆರಾ. "ಇದಕ್ಕೆ ಝೂಮೇ ಇಲ್ಲ ಅಂಕಲ್. ಹತ್ತಿರಕ್ಕೂ ಬರಲ್ಲ, ದೂರಕ್ಕೂ ಹೋಗಲ್ಲ. ಯಾರೂ ತಗೊಳ್ಳಲ್ಲ ಅಂತ ಒಳಗಿಟ್ಟಿದ್ವಿ."

ಮಾವ ಗೋಡೆಯ ಫೋಟೋ ತೆಗೆದರು. ಇಡೀ ಗೋಡೆ ಬರಲಿಲ್ಲ, ಮೂರರಲ್ಲೊಂದು ಪಾಲು ಬಂತು. ಕಾರ್ಡು ಹಿಡಿದರು. ಮೇಲಿನ ಅಂಚಿಗೆ, ಕೆಳಗಿನದಕ್ಕೆ, ಎರಡೂ ಪಕ್ಕಕ್ಕೆ. ಕಾರ್ಡು ಎಲ್ಲ ಕಡೆಯೂ ಸಾಲಿಗೆ ಸಂದಿಲ್ಲದೆ ಕೂತಿತು. ಆಫ್ ಮಾಡಿ, ಆನ್ ಮಾಡಿ, ಮತ್ತೆ ತೆಗೆದರು. ಹಾಗೇ ಕೂತಿತು.

"ಒಂದು ಗೋಡೆಗೆ ಮೂರು ಫೋಟೋ ತೆಗೀಬೇಕಾಗುತ್ತೆ ಮಾವ" ಎಂದೆ ನಾನು, ನನ್ನದೂ ಒಂದು ಮಾತು ಇರಲಿ ಎಂದು.

"ತೆಗಿ. ನಿನಗೆ ಬೇರೇನು ಕೆಲಸ?" ಎಂದು ಹೇಳಿ ಹುಡುಗಿಯ ಕಡೆ ತಿರುಗಿದರು. "ಇದು ತನಗೆ ಎಷ್ಟು ಕಾಣುತ್ತೋ ಅಷ್ಟನ್ನೇ ಹೇಳುತ್ತೆ. ಇದೇ ಇರ್ಲಿ."

ಅಂಗಡಿಯಿಂದ ಹೊರಗೆ ಬಂದು ಮೆಟ್ಟಿಲು ಇಳಿಯುವ ಮೊದಲೇ ಅವರು ಫೋನು ತೆಗೆದು ಟೀಚರಿಗೆ ಕರೆ ಮಾಡಿದರು. "ಟೀಚರ್, ನಾನು. ನಾಳೆ ಬೆಳಗ್ಗೆ ಬರ್ತೀನಿ" ಎಂದರು. ಅತ್ತ ಕಡೆಯಿಂದ ಏನು ಹೇಳಿದರೋ, ಮಾವನ ಕಿವಿ ಕೆಂಪಾಯಿತು.

ಮರುದಿನ ಟೀಚರ ಮನೆಯಲ್ಲಿ, ಎರಡು ತಿಂಗಳು ಬಾಯಿ ತೆರೆದುಕೊಂಡೇ ಇದ್ದ ಆ ಗೋಡೆಯಲ್ಲಿ ಪೈಪು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಇನ್ನೂ ಸ್ವಲ್ಪ ಕೆತ್ತಿ ನೋಡಿದೆವು. ನಾನು ಗೋಡೆಯ ಉದ್ದಕ್ಕೂ ಟೇಪು ಹಿಡಿದೆ, ಮಾವ ಒಂದರ ಅಂಚಿಗೆ ಇನ್ನೊಂದರ ಅಂಚು ಸೇರುವ ಹಾಗೆ ಮೂರು ಫೋಟೋ ತೆಗೆದರು. ಗೋಡೆ ಮುಚ್ಚಿದೆವು. ಸಿಮೆಂಟು ಒಣಗಲು ಒಂದು ವಾರ ಬಿಟ್ಟು ಮತ್ತೆ ಹೋದೆವು.

ಟೀಚರು ಎಲ್ಲಿಗೋ ಹೊರಟವರಂತೆ ಇಸ್ತ್ರಿ ಮಾಡಿದ ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದರು. ಮಾವ ಕ್ಯಾಮೆರಾದಲ್ಲಿ ಮೂರೂ ಫೋಟೋ ನೋಡಿ ಟೇಪಿನಿಂದ ಅಳೆದರು. ಆಮೇಲೆ ಕ್ಯಾಮೆರಾ ಜೇಬಿಗೆ ಹಾಕಿಕೊಂಡು, ಅಂಗೈಯನ್ನು ಗೋಡೆಗೆ ಒತ್ತಿ ಕಣ್ಣು ಕಿರಿದು ಮಾಡಿ ನಿಂತರು. ಗುರುತು ಹಾಕಿದರು. ಡ್ರಿಲ್ಲನ್ನು ನಾನು ಹಿಡಿಯಲು ಹೋದರೆ ಕೊಡಲಿಲ್ಲ.

ತಿರುಗಿ ನೋಡಿದರೆ ಟೀಚರು ಸರಿಯಾಗಿ ಹಿಂದಿನ ಸಲ ನಿಂತ ಜಾಗದಲ್ಲೇ, ಗುರುತಿನ ನೇರ ಎದುರಿಗೆ, ಒಂದು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದರು.

"ಟೀಚರ್, ಸ್ವಲ್ಪ ಪಕ್ಕಕ್ಕೆ ಬನ್ನಿ" ಎಂದರು ಮಾವ.

"ಯಾಕೆ? ನೀರು ಬರುತ್ತಾ?"

ಮಾವ ಗೋಡೆ ನೋಡಿದರು. ಎರಡು ತಿಂಗಳಿಂದ ಯಾವ ಗೋಡೆಯ ಬಗ್ಗೆಯೂ ಅವರು ಖಚಿತವಾಗಿ ಹೌದು ಎಂದೂ ಹೇಳಿರಲಿಲ್ಲ, ಇಲ್ಲ ಎಂದೂ ಹೇಳಿರಲಿಲ್ಲ.

"ಬರಲ್ಲ" ಎಂದರು.

"ಹಾಗಾದ್ರೆ ನಾನ್ಯಾಕೆ ಪಕ್ಕಕ್ಕೆ ಹೋಗ್ಲಿ?"

ಮಾವ ಕೊರೆದರು. ನಾಲ್ಕು ತೂತು, ಒಂದಾದ ಮೇಲೊಂದು. ಕೆಂಪಗಿನ ಒಣ ಇಟ್ಟಿಗೆ ಪುಡಿ ಹಾರಿ ಟೀಚರ ಬಟ್ಟೆಯ ಮೇಲೆ, ಕನ್ನಡಕದ ಮೇಲೆ, ಬೆಳ್ಳಗಿನ ಕೂದಲ ಮೇಲೆಲ್ಲ ಕೂತಿತು. ಕೊನೆಯ ತೂತು ಮುಗಿಯುವವರೆಗೂ ಅವರು ಅದನ್ನು ಕೊಡವಿಕೊಳ್ಳಲಿಲ್ಲ.